ಲಾರಿಗಳ ಕಡೆ

ಹಿಂದಿನಿಂದ ಲಾರಿ ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಗುರುಬಸಮ್ಮ ಸರಿಯಲೇ ಇಲ್ಲ. ರಾಯದುರ್ಗದ ಆ ಬೀದಿಯಲ್ಲಿ ಮೋರಿಯ ಅಂಚಿಗೇ ಡಾಂಬರು, ನಡೆಯುವವರಿಗೆ ಬೇರೆ ಜಾಗವಿಲ್ಲ. ಜೀನ್ಸ್ ಹೊಲಿದು ಇಬ್ಬರೂ ಮನೆಗೆ ಹೊರಟಾಗಲೆಲ್ಲ ಆಕೆ ಬಸುರಿ ಸೊಸೆ ತ್ರಿವೇಣಿಯನ್ನು ಮೋರಿಯ ಕಡೆ ಬಿಟ್ಟು, ತಾನು ಲಾರಿಗಳ ಕಡೆ ನಡೆಯುತ್ತಿದ್ದಳು.

“ಅತ್ತೀ!” ತ್ರಿವೇಣಿ ತೋಳು ಹಿಡಿದು ಎಳೆದಳು. ಲಾರಿ ಸೆರಗು ಸವರಿಕೊಂಡು ಹೋಯಿತು.

“ಕಳ್ಳ ನನ್ಮಗ, ಒಂದು ಹಾರ್ನರ ಹೊಡೀಬಾರದೇನು?” ಗುರುಬಸಮ್ಮ ಬೈದಳು.

ತ್ರಿವೇಣಿಗೆ ಆಗ ಹೊಳೆಯಿತು. ಹೊಲಿಗೆ ಮಷಿನ್ನುಗಳ ಸದ್ದು ಅತ್ತೆಯ ಕಿವಿಯನ್ನು ಯಾವಾಗಲೋ ತಿಂದುಬಿಟ್ಟಿತ್ತು. ಆ ಕಿವಿಯನ್ನೇ ನಂಬಿ ತಾನು ಇಷ್ಟು ತಿಂಗಳು ನಿಶ್ಚಿಂತೆಯಿಂದ ನಡೆದಿದ್ದಳು.

“ನೀವು ಈ ಕಡೆ ಬರ್ರಿ, ಅತ್ತಿ,” ಎಂದಳು.

ಅತ್ತೆ ಆಗಲೇ ಮತ್ತೆ ಲಾರಿಗಳ ಕಡೆಗೇ ಹೆಜ್ಜೆಯಿಟ್ಟು, ಹಿಂದೆ ತಿರುಗದೆ, “ಬಾರವ್ವ, ನಾ ಅದೀನಲ್ಲ” ಎಂದಳು.