ಎಡಗಿವಿಯ ಸಾಕ್ಷಿ

ಆಂಪ್ಲಿಫೈಯರಿನ ಪ್ಲಗ್ ಮತ್ತೆ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಮನೆಯಳಿಯನ ಹಾಗೆ ಕೂತಿತ್ತು.

"ಇದು ಮೂರನೇ ಸಲ," ಎಂದ ಗಂಡ.

"ನಾಲ್ಕನೇದು," ಎಂದಳು ಹೆಂಡತಿ, ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆಯದೆ. "ಒಂದು ಸಲ ನಿಮಗೆ ಗೊತ್ತಾಗ್ಲಿಲ್ಲ."

ಜಗಳ ಪ್ಲಗ್ಗಿನದಲ್ಲ, ಗೋಡೆಯದು. ಹಾಲಿನಲ್ಲಿ ಚೆನ್ನಾಗಿ ಬೆಳಕು ಬೀಳುವ ಗೋಡೆ ಒಂದೇ. ಅದರುದ್ದಕ್ಕೂ ಅವನ ಸಾಮ್ರಾಜ್ಯ: ಬೀರುವಿನಂಥ ಎರಡು ಸ್ಪೀಕರ್, ರೆಕಾರ್ಡ್ ಪ್ಲೇಯರ್, ಕುರ್ಚಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಅವನಿಗಿಂತ ಹಳೆಯದಾದ ವಾಲ್ವ್ ಆಂಪ್ಲಿಫೈಯರ್. ಗಾಜಿನ ವಾಲ್ವುಗಳು ಕೆಂಪಗೆ ಕಾದು, ಉದ್ದ ಕೂದಲಿನವರ ಗಿಟಾರ್ ಗುಡುಗಲು ಶುರುವಾದರೆ ಅವನಿಗೆ ಊಟ ಬೇಡ, ನೆಂಟರು ಬೇಡ. ಹೆಂಡತಿ ದರ್ಜಿ. ಹನ್ನೊಂದು ವರ್ಷದಿಂದ ಮಂಚದ ಮೇಲೆ ಬಗ್ಗಿ ಬಟ್ಟೆ ಕತ್ತರಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಕತ್ತರಿಸುವ ಮೇಜು ಹಾಕಲು ಆ ಗೋಡೆ ಬೇಕು. ಪಾಪ, ಅವಳು ಕೇಳಿದ್ದು ಅಷ್ಟೇ.

ಅವಳ ತಮ್ಮ ಲಿಫ್ಟ್ ಮೆಕ್ಯಾನಿಕ್. ಅಕ್ಕನ ಸಂಕಟ ನೋಡಲಾರದೆ ಟಿಫಿನ್ ಡಬ್ಬಿಯಷ್ಟಿರುವ ಹೊಸ ಸ್ಪೀಕರೊಂದನ್ನು ತಂದುಕೊಟ್ಟಿದ್ದ.

"ನಿಮ್ಮ ರೆಕಾರ್ಡ್ ಪ್ಲೇಯರಿಗೆ ಇದನ್ನೇ ಜೋಡಿಸಿ ಭಾವ. ಕಪಾಟಿನಲ್ಲಿ ಒಂದು ಮೂಲೆ ಸಾಕು. ಕಣ್ಣು ಮುಚ್ಚಿ ಕೇಳಿದ್ರೆ ನಿಮಗೂ ವ್ಯತ್ಯಾಸ ಗೊತ್ತಾಗಲ್ಲ."

ಇಪ್ಪತ್ತೆರಡು ವರ್ಷ ಧಡಬಡ ಎನ್ನುವ ಮುದ್ರಣಯಂತ್ರದ ಪಕ್ಕ ನಿಂತು ಪಳಗಿದ ಕಿವಿ ಗಂಡನದು. ಇದಕ್ಕಿಂತ ದೊಡ್ಡ ಅವಮಾನ ಅದಕ್ಕೆ ಆಗಿರಲಿಲ್ಲ.

"ಹಾಗಾದ್ರೆ ಕಣ್ಣು ಕಟ್ಟು. ತಪ್ಪಿದ್ರೆ ಗೋಡೆ ನಿಮ್ಮಕ್ಕಂದು. ಸರಿಯಾಗಿ ಹೇಳಿದ್ರೆ ಈ ಮನೇಲಿ ಮೇಜು ಅನ್ನೋ ಮಾತೇ ಎತ್ತಬಾರದು."

"ಸಾಯೋ ತನಕ?" ಎಂದಳು ಹೆಂಡತಿ.

"ಸಾಯೋ ತನಕ."

ಭಾನುವಾರ ಮಧ್ಯಾಹ್ನಕ್ಕೆ ಪರೀಕ್ಷೆ. ನಿಯಮ ಮಾಡಿದವನೂ ಅವನೇ. ಒಂದೇ ಹಾಡು, ಎರಡು ಸಲ. ಒಂದು ಸಲ ಅವನ ಹಳೆಯ ಸೆಟ್ಟು, ಒಂದು ಸಲ ಹೊಸ ಡಬ್ಬಿ. ಯಾವುದು ಮೊದಲು ಎನ್ನುವುದು ಅಕ್ಕತಮ್ಮನ ಇಷ್ಟ. ನಡುವೆ ಕಾಲು ಗಂಟೆ ವಿರಾಮ. ಕಿವಿ ದಣಿವಾರಿಸಿಕೊಳ್ಳಬೇಕಂತೆ.

ಕಿವಿಗೆ ದಣಿವೂ ಇಲ್ಲ, ಮಣ್ಣೂ ಇಲ್ಲ. ಕಾದ ವಾಲ್ವುಗಳು ತಣ್ಣಗಾಗಲು ಕಾಲು ಗಂಟೆ ಬೇಕು. ಅಂದು ಬೆಳಿಗ್ಗೆ ಅವನು ಕುರ್ಚಿಯನ್ನು ಮೆಲ್ಲಗೆ ಎಡಕ್ಕೆ, ಸ್ಟೂಲಿಗೆ ತಾಗುವಷ್ಟು ಹತ್ತಿರ ಸರಿಸಿದ್ದ. ಆಂಪ್ಲಿಫೈಯರ್ ಕಾದರೆ ಎಡಗೆನ್ನೆಗೆ ಬಿಸಿ ತಟ್ಟುತ್ತದೆ. ಕಿವಿ ಕೈಕೊಟ್ಟರೂ ಕೆನ್ನೆ ಕೈಬಿಡುವುದಿಲ್ಲ.

ಕಿವಿ ಕೈಕೊಡುತ್ತದೆಂದು ಅವನಿಗೆ ಗೊತ್ತಿತ್ತು. ಹೋದ ವಾರ ಮನೆಯಲ್ಲಿ ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಎರಡನ್ನೂ ಕೇಳಿ ನೋಡಿದ್ದ. ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ಆ ದುಃಖವನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಕುರ್ಚಿ ಜರುಗಿದ ಹಾಗಿದೆಯಲ್ಲ," ಎಂದಳು ಹೆಂಡತಿ. "ನಿನ್ನೆ ಸ್ಟೂಲಿಗೆ ಒಂದು ಮೊಳ ದೂರ ಇತ್ತು. ಇವತ್ತು ಒಂದು ಗೇಣೂ ಇಲ್ಲ."

"ಇಲ್ಲಿ ಕೂತ್ರೆ ಎರಡೂ ಸ್ಪೀಕರಿಗೆ ಸರಿಯಾಗಿ ನಡುಮಧ್ಯ ಆಗುತ್ತೆ."

"ಹೌದಾ. ನಿಮ್ಮ ಕಿವಿ, ನಿಮ್ಮಿಷ್ಟ."

ಮಲಗುವ ಕೋಣೆಯಲ್ಲಿ ಕೂರಿಸಿ, ಕೋಟಿನ ಒಳಪದರದ ಕಪ್ಪು ಬಟ್ಟೆಯಿಂದ ಕಣ್ಣು ಕಟ್ಟಿದಳು. "ಒಂದು ತೋಳಿನ ಹೊಲಿಗೆ ಬಾಕಿ ಇದೆ, ತಾಳಿ," ಎಂದು ಮೆಷಿನ್ ತುಳಿಯತೊಡಗಿದಳು. ಟಕಟಕ ಸದ್ದು ನಿಲ್ಲಲೇ ಇಲ್ಲ. ಆನೆಗೆ ಅಂಗಿ ಹೊಲಿಯುತ್ತಿದ್ದಾಳೋ ಎನಿಸಿತು. ಆಮೇಲೆ ಕೈಹಿಡಿದು ಹಾಲಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದಲ್ಲೇ ಭಾವಮೈದುನನ ಉಸಿರಾಟ ಕೇಳಿಸಿತು.

"ಯಾಕೋ ಏದುಸಿರು ಬಿಡ್ತಿದ್ದೀಯ?"

"ಏನು ಮಾಡ್ಲಿ ಭಾವ, ಭಾನುವಾರನೂ ಭಾರ ಎತ್ತೋದು ತಪ್ಪಲಿಲ್ಲ."

ಮೊದಲ ಸಲ ಹಾಡು ಶುರುವಾಯಿತು. ಗಿಟಾರ್ ಎದೆಗೆ ಗುದ್ದಿತು. ನಿಜ ಹೇಳಬೇಕೆಂದರೆ ಅವನ ಮೈ ಜುಮ್ಮೆಂದಿತು. ಆದರೆ ಎಡಗೆನ್ನೆ ತಣ್ಣಗೇ ಇತ್ತು. ಹಾಡು ಮುಗಿಯುವ ತನಕ ಕಾದ. ಊಹೂಂ.

"ತಗಡು," ಎಂದ. "ಡ್ರಮ್ ಬಾರಿಸ್ತಿದ್ದಾರೋ, ಅಡುಗೆಮನೇಲಿ ಪಾತ್ರೆ ಬೀಳ್ತಿದೆಯೋ ಗೊತ್ತಾಗಲ್ಲ. ನಿನ್ನ ಟಿಫಿನ್ ಡಬ್ಬಿನೇ ಇದು."

"ಖಂಡಿತ ತಾನೇ?" ಎಂದಳು ಹೆಂಡತಿ.

"ಬೇಕಾದ್ರೆ ಬರ್ಕೊಡ್ತೀನಿ."

"ಬೇಡ. ನೆನಪಿಟ್ಕೊಳ್ತೀವಿ."

ಕಾಲು ಗಂಟೆ ಕಳೆಯಿತು. ಎರಡನೆಯ ಸಲ ಮುಳ್ಳು ರೆಕಾರ್ಡಿಗೆ ಇಳಿಯುವ ಮೊದಲೇ ಎಡಗೆನ್ನೆ ಬೆಚ್ಚಗಾಯಿತು. ಬಿಸಿ ಲೋಹದ ಪರಿಚಿತ ವಾಸನೆ ಮೂಗಿಗೆ ಬಡಿಯಿತು. ಬಂದೆಯಾ ನನ್ನಪ್ಪ, ಎಂದುಕೊಂಡ. ಹಾಡಿನ ಅರ್ಧಕ್ಕೇ ಕಪ್ಪು ಬಟ್ಟೆ ಒದ್ದೆಯಾಯಿತು.

"ಇದು ನನ್ನದು. ಇದರಲ್ಲಿ ಜೀವ ಇದೆ ಕಣೇ. ಆ ಡಬ್ಬಿ ಏಳು ಜನ್ಮ ಎತ್ತಿ ಬಂದ್ರೂ ಈ ಸದ್ದು ಹುಟ್ಟಲ್ಲ."

"ಬರೀ ಕಿವಿಯಿಂದ್ಲೇ ಗೊತ್ತಾಯ್ತಾ?"

"ಮತ್ತಿನ್ನೇನು? ಬರೀ ಕಿವಿ."

ಹೆಂಡತಿ ಗಂಟು ಬಿಚ್ಚಿದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದ. ಭಾವಮೈದುನ ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಅಡುಗೆಮನೆಯ ಬಾಗಿಲ ಹತ್ತಿರ, ಉದ್ದನೆಯ ವೈರು ಎಳೆದುಕೊಂಡು ಬಂದು, ಅವನ ಆಂಪ್ಲಿಫೈಯರ್ ಕೂತಿತ್ತು. ಅದರ ವಾಲ್ವುಗಳು ಆರಿ ಬಹಳ ಹೊತ್ತಾಗಿತ್ತು.

"ಮೊದಲು ಹಾಡಿದ್ದು ಅದೇ ಭಾವ," ಎಂದ ಭಾವಮೈದುನ. "ತಗಡು ಅಂದ್ಬಿಟ್ರಿ. ಪಾಪ, ಬೇಜಾರು ಮಾಡ್ಕೊಂಡಿರುತ್ತೆ."

"ಅದು ಅಲ್ಲಿದ್ರೆ, ಮತ್ತೆ ಈ..." ಗಂಡನ ಕೈ ಎಡಗೆನ್ನೆಗೆ ಹೋಯಿತು.

"ಈ ಏನು?" ಎಂದಳು ಹೆಂಡತಿ, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು. "ಹೇಳಿ. ಬರೀ ಕಿವಿ ಅಂದ್ರಲ್ಲ."

ಅವನು ಕೈ ಇಳಿಸಿದ. ಕೆನ್ನೆ ಇನ್ನೂ ಚುರುಗುಟ್ಟುತ್ತಿತ್ತು. ನಿಧಾನವಾಗಿ ಎಡಕ್ಕೆ ತಿರುಗಿದ.

ಸ್ಟೂಲಿನ ಮೇಲೆ, ಅವನ ಕಿವಿಗೆ ಒಂದು ಗೇಣು ದೂರದಲ್ಲಿ, ಹೆಂಡತಿಯ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಂತು ನಿಗಿನಿಗಿ ಕಾಯುತ್ತಿತ್ತು.