ಹೋಳಿಗೆ ಡಬ್ಬಿ ಮತ್ತು ಹತ್ತಕ್ಕೆ ನಾಲ್ಕು

ಡಬ್ಬಿ ನೋಡುತ್ತಲೇ ಪದ್ಮಶ್ರೀಗೆ ಗುರುತು ಸಿಕ್ಕಿತು. ಕಳೆದ ತಿಂಗಳು ವಿಡಿಯೊ ಗೇಮ್ ಪ್ರಶಸ್ತಿಗೆ ಅಂಕ ಹಾಕುವ ಮೊದಲು ತೀರ್ಪುಗಾರರೆಲ್ಲರ ಮನೆಗೂ ಸ್ಪರ್ಧೆಯಲ್ಲಿದ್ದ ಒಂದು ಗೇಮಿನವರಿಂದ ಇಂಥದೇ ಡಬ್ಬಿಯಲ್ಲಿ ಹೋಳಿಗೆ ಬಂದಿತ್ತು. ಅವಳೊಬ್ಬಳು ಮುಚ್ಚಳವನ್ನೂ ತೆಗೆಯದೆ ವಾಪಸ್ ಕಳಿಸಿ, ‘ಹರಿಗೋಲು’ ಎಂಬ ಆ ಗೇಮಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದಳು. ಪ್ರಶಸ್ತಿ ಬೇರೆಯವರ ಪಾಲಾಗಿತ್ತು. ಈಗ ಗೇಮ್ ಮಾಡಿದ ಮಾರುತಿಯ ತಾಯಿ ಚೌಡವ್ವ, ಅದೇ ಡಬ್ಬಿ ಹಿಡಿದು ಗುತ್ತೂರಿನಿಂದ ಸರಸ್ವತಿ ನಗರದ ಅವಳ ಮನೆ ಬಾಗಿಲಿಗೇ ಬಂದು ನಿಂತಿದ್ದಳು. ಬೈಸಿಕೊಳ್ಳಲು ಪದ್ಮಶ್ರೀ ಸಿದ್ಧಳಾದಳು.

“ಹೋಳಿಗೆ ತಿಂದೋರೆಲ್ಲ ಒಂಬತ್ತು ಕೊಟ್ರವ್ವ,” ಎಂದಳು ಚೌಡವ್ವ. “ಮೂರನೇ ಹಂತದಾಗ ಹರಿಗೋಲು ಸುಳಿಗೆ ಸಿಕ್ಕಂಡು ಮುಂದಕ್ಕೇ ಹೋಗಲ್ಲ ಅಂತ ಬರೆದಾಕಿ ನೀನೊಬ್ಬಾಕಿ. ಉಳಿದೋರು ಯಾರೂ ಅಲ್ಲಿಗಂಟ ಆಡೇ ಇರ್ಲಿಲ್ಲ. ನನ್ನ ಮಗ ಎರಡು ದಿನ ಮುಖ ಊದಿಸ್ಕಂಡಿದ್ದ. ಮೂರನೇ ದಿನ ಕುಂತು ಸರಿ ಮಾಡ್ದ. ಈಗ ಅಂಕ ಹಾಕೋದು ಮುಗೀತಲ್ಲ, ತಿನ್ನು.”

ಆ ನಾಲ್ಕು ಅಂಕಕ್ಕೆ ಪದ್ಮಶ್ರೀ ತಿಂಗಳಿಡೀ ಆನ್‌ಲೈನ್‌ನಲ್ಲಿ ಬೈಗುಳವನ್ನೇ ಓದಿದ್ದಳು. ಈಗ ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

“ಹೆಂಗೈತೆ?”

ಭಾರಿ ಚೆನ್ನಾಗಿದೆ ಎನ್ನಲು ಹೋದವಳು ತಡೆದು, ಇನ್ನೊಂದು ತುತ್ತು ತಿಂದಳು. “ಬಾಳ ಮೆತ್ತಗೈತ್ರಿ. ಏಲಕ್ಕಿ ಮಾತ್ರ ಒಂಚೂರು ಹೆಚ್ಚಾಗೈತೆ.”

ಚೌಡವ್ವ ಬೀದಿಗೆಲ್ಲ ಕೇಳುವಂತೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಮ್ಮತ್ತಿ ತೀರ್ಕಂಡ ಮ್ಯಾಲೆ ಇದನ್ನ ಹೇಳಿದಾಕಿ ನೀನೇ ನೋಡವ್ವ.”