ಕಾರ್ಡಿನಲ್ಲಿದ್ದ ಹೆಸರು

ಸರದಿಯಲ್ಲಿ ಮುಂದೆ ಐದು ಜನ ಇದ್ದರು. ಆರನೆಯವಳಾಗಿ ನಿಂತ ಮಾಸ್ತಮ್ಮ ಸೆರಗಿನೊಳಗೆ ಕಾರ್ಡು ಬಚ್ಚಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ದುಗ್ಗಪ್ಪ ಬಿನ್ ಬೆಳ್ಳಪ್ಪ. ದುಗ್ಗಪ್ಪ ಬಿನ್ ಬೆಳ್ಳಪ್ಪ. ತಾಳಗುಪ್ಪದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳಿಗೆ ಬೇರೆ ಜಪವಿರಲಿಲ್ಲ.

ಅದು ಜೋಗದ ನೌಕರರ ಸಹಕಾರಿ ಅಂಗಡಿ. ಪವರ್‌ಹೌಸಿನಲ್ಲಿ ಕೆಲಸ ಮಾಡುವವರ ಮನೆಯವರಿಗೆ ಮಾತ್ರ. ಅಕ್ಕಿ, ಬೇಳೆ, ಸೋಪು ಎಲ್ಲವೂ ಪೇಟೆಗಿಂತ ಅಗ್ಗ. ಸಕ್ಕರೆಯ ಮಾತಂತೂ ಬೇರೆಯೇ. ಆ ವರ್ಷ ಸಾಗರದ ಪೇಟೆಯಲ್ಲಿ ಸಕ್ಕರೆ ಕಂಡವರೇ ಪುಣ್ಯವಂತರು. ಇಲ್ಲಿ ಕಾರ್ಡಿಗೆ ಮೂರು ಕಿಲೋ ತೂಗಿ ಕೊಡುತ್ತಿದ್ದರು.

ಮಾಸ್ತಮ್ಮನ ಮನೆಗೂ ಪವರ್‌ಹೌಸಿಗೂ ಇದ್ದ ಸಂಬಂಧ ಒಂದೇ. ಇನ್ನೂ ಕರೆಂಟು ಕೊಟ್ಟಿಲ್ಲವೆಂದು ಅವಳ ಮನೆಯವರು ದಿನಾ ಬೈಯುತ್ತಿದ್ದರು. ಕಾರ್ಡು ಅವಳ ಚಿಕ್ಕಪ್ಪನ ಮಗಳು ವರದಾಳದ್ದು. ವರದಾಳ ಗಂಡನಿಗೆ ಜೋಗದಲ್ಲಿ ಕೆಲಸ. ಅವಳು ಬಾಣಂತನಕ್ಕೆಂದು ತವರಿಗೆ ಬಂದು ಕೂತಿದ್ದಳು.

"ಭಾನುವಾರ ಹುಡುಗಿ ನೋಡಕ್ಕೆ ಹೊಸನಗರದವ್ರು ಬರ್ತಾರೆ ಕಣೇ," ಎಂದು ಮಾಸ್ತಮ್ಮ ಅಂಗಲಾಚಿದ್ದಳು. "ಹೋದ ಸಲ ಬಂದವ್ರಿಗೆ ಬೆಲ್ಲದ ಕಾಫಿ ಕೊಟ್ವಿ. ಆಮೇಲೆ ಒಂದು ಕಾಗದ ಸೈತ ಬರ್ಲಿಲ್ಲ."

"ತಗೊಂಡೋಗಕ್ಕ. ಆದ್ರೆ ಸಿಕ್ಕಿಬೀಳ್ಬೇಡ. ಬೇರೆಯವ್ರಿಗೆ ಕೊಟ್ಟಿದ್ದು ಗೊತ್ತಾದ್ರೆ ಕಾರ್ಡು ರದ್ದು ಮಾಡ್ತಾರಂತೆ. ಆಮೇಲೆ ಈ ಕೂಸು ಕಟ್ಕೊಂಡು ನಾನು ಏನ್ ತಿನ್ಲಿ?"

"ಹೊಸ ಗುಮಾಸ್ತ ಹೆಸ್ರು ಕೇಳ್ತಾನಂತಲ್ಲೇ. ಅಪ್ಪನ ಹೆಸ್ರೂ ಬೇಕಂತೆ. ನಿಮ್ಮ ಮಾವನ ಹೆಸ್ರೇನು?"

ವರದಾ ಮಗುವಿನ ಕಡೆ ತಿರುಗಿಕೊಂಡಳು. "ಎಲ್ಲಾ ಕಾರ್ಡಲ್ಲೇ ಬರ್ದಿದೆ. ಯಾರ ಹತ್ರನಾದ್ರೂ ಓದಿಸ್ಕೋ."

ಬಸ್ಸಿನ ಕಂಡಕ್ಟರು ಎರಡು ಸಲ ಓದಿ ಹೇಳಿದ್ದ. ಮೂರನೆಯ ಸಲ ಹೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅಷ್ಟು ಹೊತ್ತಿಗೆ ಮಾಸ್ತಮ್ಮನಿಗೆ ಬಾಯಿಪಾಠವಾಗಿತ್ತು.

ಸರದಿಯ ಮುಂದುಗಡೆ ವಿಚಾರಣೆ ಶುರುವಾಯಿತು.

"ಕಾರ್ಡಿನ ಯಜಮಾನ್ರ ಹೆಸ್ರು?" ಗುಮಾಸ್ತ ಸೀತಾರಾಮಪ್ಪ ಕೇಳಿದ. ಕಾರ್ಡು ಅವನ ಕೈಯಲ್ಲೇ ಇತ್ತು.

ಮೊದಲನೆಯವಳು ನಕ್ಕಳು. "ಅಲ್ಲೇ ಇದೆಯಲ್ಲ, ಓದ್ಕಳಿ."

"ಬಾಯಲ್ಲಿ ಹೇಳ್ಬೇಕು. ಹೊಸ ಕಾನೂನು."

ಅವಳು ಮುಡಿಯಲ್ಲಿದ್ದ ಹೂವನ್ನು ಬೆರಳಿಂದ ತೋರಿಸಿದಳು. ಗಂಡ ಹೂವಪ್ಪನೋ ಏನೋ.

"ಅದು ಸೇವಂತಿಗೆ," ಎಂದ ಸೀತಾರಾಮಪ್ಪ. "ಬೆಂಚಿನ ಮೇಲೆ ಕೂತ್ಕಳಿ."

ಎರಡನೆಯವಳು ವಯಸ್ಸಾದವಳು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಕೃಷ್ಣನ ಕಡೆ ಕೈ ಮಾಡಿದಳು. "ಆ ಕೊಳಲು ಊದ್ತಾನಲ್ಲ, ಅವ್ನದೇ ಹೆಸ್ರು."

"ದೇವ್ರಿಗೆ ನಮ್ಮಲ್ಲಿ ಕಾರ್ಡಿಲ್ಲಮ್ಮ. ಬೆಂಚು."

ಮೂರನೆಯವಳು ಚಿಕ್ಕ ಪ್ರಾಯದವಳು, ಮದುವೆಯಾಗಿ ವರ್ಷವೂ ಆಗಿರಲಿಕ್ಕಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು. "ಹೇಳಿದ್ರೆ ಅವ್ರ ಆಯುಸ್ಸು ಕಮ್ಮಿಯಾಗ್ತದಂತೆ," ಎಂದಳು. ಸೀತಾರಾಮಪ್ಪ ಬೆಂಚಿನ ಕಡೆ ನೋಡಿದ, ಅಷ್ಟೇ.

ಮಾಸ್ತಮ್ಮನೂ ಅತ್ತ ನೋಡಿದಳು. ಕಾರ್ಡಿನ ಯಜಮಾನರಿಂದಲೇ ತಾಳಿ ಕಟ್ಟಿಸಿಕೊಂಡವರೆಲ್ಲ ಬೆಂಚಿನ ಮೇಲೆ, ಕಾರ್ಡು ಕಡ ತಂದವಳು ಸರದಿಯಲ್ಲಿ. ನ್ಯಾಯ ಎಲ್ಲಿದೆ ಎಂದು ಅವಳಿಗೂ ಅನ್ನಿಸಿತು. ಆದರೆ ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು. ಮಗಳಿಗೆ ಇಪ್ಪತ್ತನಾಲ್ಕು ತುಂಬಿತ್ತು. ಅವಳು ಕನಿಕರವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಳು.

ನಾಲ್ಕನೆಯವಳು ಗಟ್ಟಿಗಿತ್ತಿ. "ಜಟ್ಟಪ್ಪ!" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. ಬೆಂಚಿನ ಮೇಲಿದ್ದವರು ಕೆನ್ನೆ ಕೆನ್ನೆ ಬಡಿದುಕೊಂಡರು.

"ಒಳಗೆ ಹೋಗಿ," ಎಂದ ಸೀತಾರಾಮಪ್ಪ.

ಐದನೆಯವಳೂ ಹೇಳಿದಳು, ಒಳಗೆ ಹೋದಳು. ಮಾಸ್ತಮ್ಮನಿಗೆ ಧೈರ್ಯ ಬಂತು. ಕಾರ್ಡು ಕೊಟ್ಟಳು. ಅವನು ಕೇಳುವ ಮೊದಲೇ ಒಂದೇ ಉಸಿರಿಗೆ ಒಪ್ಪಿಸಿದಳು. "ದುಗ್ಗಪ್ಪ ಬಿನ್ ಬೆಳ್ಳಪ್ಪ."

ಸೀತಾರಾಮಪ್ಪ ಮೊದಲ ಸಲ ತಲೆಯೆತ್ತಿ ಒಬ್ಬರ ಮುಖ ನೋಡಿದ. "ಮಾವನ ಹೆಸ್ರನ್ನೂ ಸೇರಿಸಿ ಹೇಳಿದ್ರಿ. ಇಷ್ಟು ಚೆನ್ನಾಗಿ ಇವತ್ತು ಯಾರೂ ಹೇಳ್ಲಿಲ್ಲ. ಒಳಗೆ ಹೋಗಿ."

ಒಳಗಿನ ಕೋಣೆಯಲ್ಲಿ ಕಾರ್ಯದರ್ಶಿ ಕೆರಿಯಪ್ಪನವರು ಮೇಜಿನ ಹಿಂದೆ ಕೂತಿದ್ದರು. ಬಹಳ ಮರ್ಯಾದೆಯ ಮನುಷ್ಯ. ಎದ್ದು ನಿಂತು, "ಕೂತ್ಕಳಿ ತಾಯಿ," ಎಂದು ಗೋಣಿಮೂಟೆ ತೋರಿಸಿದರು. ಸೀತಾರಾಮಪ್ಪ ಕಾರ್ಡನ್ನು ತಂದು ಅವರ ಮುಂದಿಟ್ಟು ಹೋದ. ಮೊದಲೇ ಒಳಗೆ ಬಂದು ಕೂತಿದ್ದ ಇಬ್ಬರದ್ದೂ ಸೇರಿ ಮೂರು ಕಾರ್ಡುಗಳನ್ನು ಅವರು ನೀಟಾಗಿ ಜೋಡಿಸಿಕೊಂಡರು. ಕಾನೂನಿನ ಅಂಗಡಿ ಎಂದರೆ ಹೀಗಿರಬೇಕು ಎಂದುಕೊಂಡಳು ಮಾಸ್ತಮ್ಮ.

ಜಟ್ಟಪ್ಪನ ಹೆಸರು ಹೇಳಿದವಳು ಅವಳ ಕಿವಿಯ ಹತ್ತಿರ ಬಾಗಿದಳು. "ಕೇಳಿದ್ದಕ್ಕೆ ಹೇಳಿದ್ರೆ ಮುಗೀತು. ಅದಕ್ಯಾಕೆ ಅಷ್ಟು ನಾಚ್ಕೆ, ಅಲ್ವಾ?"

"ಹೌದು ಮತ್ತೆ," ಎಂದಳು ಮಾಸ್ತಮ್ಮ.

ಹೊರಗೆ ತಕ್ಕಡಿಯ ಸದ್ದು ಶುರುವಾಯಿತು. ಬಾಗಿಲ ಸಂದಿಯಲ್ಲಿ ಸೇವಂತಿಗೆ ಮುಡಿದವಳು ಕಂಡಳು. ಕೈಚೀಲ ಭಾರವಾಗಿ ಒಂದು ಕಡೆ ವಾಲಿಕೊಂಡು ಹೋಗುತ್ತಿದ್ದಳು. ಅವಳ ಹಿಂದೆ ಆ ವಯಸ್ಸಾದವಳು, ಅವಳದ್ದೂ ಚೀಲ ತುಂಬಿತ್ತು. ಕಡೆಗೆ ಕಣ್ಣೊರೆಸಿಕೊಂಡು ನಗುತ್ತ ಬಂದ ಚಿಕ್ಕವಳಿಗೆ ಸೀತಾರಾಮಪ್ಪ ತಾನೇ ಸಕ್ಕರೆಯ ಪೊಟ್ಟಣ ಎತ್ತಿ ಕೊಟ್ಟ.

ಮಾಸ್ತಮ್ಮ ಕೆರಿಯಪ್ಪನವರ ಕಡೆ ತಿರುಗಿದಳು. ಅವರು ದುಗ್ಗಪ್ಪನ ಕಾರ್ಡಿನ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಿದ್ದರು.

"ಕಾರ್ಡಲ್ಲಿರೋ ಹೆಸ್ರುಗಳನ್ನೆಲ್ಲ ಸರಿಯಾಗಿ ಹೇಳಿದ್ರಿ," ಎಂದರು ಅವರು, ಬೇರೊಂದು ಹಾಳೆ ಎಳೆದುಕೊಳ್ಳುತ್ತ. "ಈಗ ನಿಮ್ ನಿಮ್ಮ ಗಂಡಂದಿರ ಹೆಸ್ರು ಹೇಳಿ, ಬರ್ಕೋಬೇಕು."

ಮೂವರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡತೊಡಗಿದರು.